ಕೂಸು ಕಚ್ಚಿತು, ನಾವೇನು ಮಾಡೋಣ?

ಖಾನಾಪುರ ತಾಲೂಕಿನ ಒಂದು ಹಳ್ಳಿ. ಅಂಗನವಾಡಿಯಲ್ಲಿ ನಾಲ್ಕು ವರ್ಷದ ಹುಡುಗ ಜೊತೆಗಾರನ ಕೈ ಕಚ್ಚಿದ. ಹಲ್ಲಿನ ಗುರುತು ಮೂಡಿತು. ಕಚ್ಚಿಸಿಕೊಂಡವನ ಅವ್ವ ಜಗಳಕ್ಕೆ ಬಂದಳು. ಕಚ್ಚಿದವನ ಅವ್ವನಿಗೆ ನಾಚಿಕೆ ಆಯಿತು, ಸಿಟ್ಟೂ ಬಂತು. ಎಲ್ಲರ ಮುಂದೆ ಮಗನ ಬೆನ್ನಿಗೆ ಎರಡು ಬಾರಿಸಿದಳು.

"ಮಂದಿ ಮಕ್ಕಳಿಗೆ ನೋವು ಮಾಡಬಾರದಂತ ತಿಳಿಯೂದಿಲ್ಲೇನ ನಿನಗ?"

ನೋವು ಮಾಡಬಾರದು ಎನ್ನುತ್ತಲೇ ನೋವು ಮಾಡಿದಳು. ನಾವೂ ಹೀಗೆ ಮಾಡಿದ್ದೇವೆ. ಸುಳ್ಳೇಕೆ ಹೇಳೋಣ?

ಅವನು ಯಾಕೆ ಕಚ್ಚಿದ? ಅವನ ಮನೆಮಾತು ಮರಾಠಿ. ಅಂಗನವಾಡಿಯಲ್ಲಿ ಕನ್ನಡ. ಅವನಿಗೆ ಆಟದ ಬಂಡಿ ಬೇಕಿತ್ತು. ಕೇಳಲು ಮಾತು ಬರಲಿಲ್ಲ. ಹಲ್ಲು ಬಂತು. ನಮ್ಮ ಬೆಳಗಾವಿ, ಖಾನಾಪುರದ ಕಡೆ ಇಂಥ ಮಕ್ಕಳು ಬಹಳ. "ನನಗ ಕೊಡು", "ಮಲಾ ದೇ" ಎರಡನ್ನೂ ಕಲಿಸೋಣ.

ಮನೆಯಲ್ಲಿ ಒಂದೇ ಮಾತಿದ್ದರೂ ಎರಡು ಮೂರು ವರ್ಷದ ಕೂಸು ಹೊಡೆಯುತ್ತದೆ, ನೂಕುತ್ತದೆ. ಆ ವಯಸ್ಸಿಗೆ ಸಿಟ್ಟು ದೊಡ್ಡದು, ಮಾತು ಸಣ್ಣದು. ಮಾತು ಬೆಳೆದಂತೆ ಹೊಡೆಯುವುದು ಕಡಿಮೆ ಆಗುತ್ತದೆ. ಹಸಿವು, ನಿದ್ದೆಗೇಡು ಇದ್ದರೂ ಕೂಸು ರೇಗುತ್ತದೆ. ಮನೆಯಲ್ಲಿ ಅಪ್ಪ ಅವ್ವನಿಗೆ ಹೊಡೆದರೆ ಕೂಸು ಅದನ್ನೂ ಕಲಿಯುತ್ತದೆ. ಇದನ್ನು ಹೇಳುವುದು ಕಷ್ಟ. ಆದರೂ ಹೇಳಬೇಕು.

ಕಚ್ಚಿಸಿಕೊಂಡ ಕೂಸನ್ನು ಮೊದಲು ಎತ್ತಿಕೊಳ್ಳೋಣ. ಗಾಯವನ್ನು ಸಾಬೂನು ಹಚ್ಚಿ ತೊಳೆಯೋಣ. ಆಮೇಲೆ ಕಚ್ಚಿದವನ ಕೈ ಹಿಡಿದು, ಅವನೆದುರು ಕುಳಿತು, "ಕಚ್ಚಬ್ಯಾಡಪ್ಪಾ, ಅವಗ ನೋವಾಗತೈತಿ" ಅನ್ನೋಣ. ಇಷ್ಟೇ ಸಾಕು. ತಿರುಗಿ ಕಚ್ಚಿ ತೋರಿಸಬೇಕು ಅನ್ನುವ ಹಿರಿಯರಿದ್ದಾರೆ. ಅದು ತಪ್ಪು.

ಬೆಳಗಾವಿಯ ವಡಗಾವಿಯಲ್ಲಿ ನೇಕಾರರ ಮನೆಗಳಿವೆ. ಮಗ್ಗದ ಸದ್ದಿನಲ್ಲಿ ಕೂಸು ಕರೆದದ್ದು ಕೇಳುವುದಿಲ್ಲ. ಅದು ತಂಗಿಗೆ ಹೊಡೆದಾಗ ಮಾತ್ರ ನಾವು ತಿರುಗುತ್ತೇವೆ. ಹೊಡೆದರೆ ಅವ್ವ ಬರತಾಳ ಅಂತ ಅದು ತಿಳಿಯುತ್ತದೆ. ಸುಮ್ಮನೆ ಆಡುವಾಗಲೂ ತಿರುಗಿ ನೋಡೋಣ. "ಶಾಣ್ಯಾ ಅದಿ" ಅನ್ನೋಣ.

ಕರೆದರೂ ತಿರುಗದ, ಮೂರು ವರ್ಷ ತುಂಬಿದರೂ ಮಾತು ಕೂಡಿಸದ ಕೂಸಿಗೆ ಕಿವಿ ಕೇಳದೇ ಇರಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಅದರ ವೈದ್ಯರು ಅಂಗನವಾಡಿಗೆ ಬರುತ್ತಾರೆ. ಆ ದಿನ ಕೂಸನ್ನು ತಪ್ಪದೇ ತೋರಿಸೋಣ. ದುಡ್ಡು ಕೊಡಬೇಕಿಲ್ಲ.

ಮರುವಾರ ಆ ಹುಡುಗ ಮತ್ತೆ ಬಂಡಿಗಾಗಿ ಬಾಯಿ ತೆರೆದ. ಅಂಗನವಾಡಿ ಅಕ್ಕ ನಡುವೆ ಕೈ ಇಟ್ಟಳು. "ನನಗ ಕೊಡು ಅನ್ನು" ಎಂದಳು.

"ಕೊಡು" ಎಂದ.

ಬಂಡಿ ಸಿಗಲಿಲ್ಲ. ಅತ್ತ. ಕಚ್ಚಲಿಲ್ಲ.