ಆನ್‌ಲೈನ್ ಚಿತ್ರೋತ್ಸವದಲ್ಲೂ ಸೀಟು ಮುಗಿಯುವುದೇಕೆ?

ಸೇವೆಗಳ ಲಕ್ಷಣಗಳನ್ನು ವ್ಯವಹಾರ ಅಧ್ಯಯನದಲ್ಲಿ ನಾವೆಲ್ಲ ಓದಿದ್ದೇವೆ. ಸರಕನ್ನು ಗೋದಾಮಿನಲ್ಲಿ ಇಡಬಹುದು, ಸೇವೆಯನ್ನು ಇಡಲಾಗದು. ಚಿತ್ರಮಂದಿರದಲ್ಲಿ ಇಂದು ಖಾಲಿ ಉಳಿದ ಕುರ್ಚಿಯನ್ನು ದಾಸ್ತಾನು ಮಾಡಿ ನಾಳೆ ಮಾರಲು ಬರುವುದಿಲ್ಲ. ಕೊರೋನಾ ನಿರ್ಬಂಧಗಳ ಕಾಲದಲ್ಲಿ ಅಂತರರಾಷ್ಟ್ರೀಯ ಚಿತ್ರೋತ್ಸವಗಳಿಗೆ ಇದು ಪಾಠವಾಗಿ ಉಳಿಯಲಿಲ್ಲ, ನಿಜವಾದ ಸಂಕಟವಾಯಿತು. ಚಿತ್ರಗಳ ಆಯ್ಕೆ ಮುಗಿದಿತ್ತು, ಸಭಾಂಗಣಗಳಿಗೆ ಬೀಗ ಬಿದ್ದಿತ್ತು. ‘ಎಲ್ಲವನ್ನೂ ಇಂಟರ್‌ನೆಟ್‌ಗೆ ಹಾಕಿದರೆ ಮುಗಿಯಿತಲ್ಲ’ ಎಂದು ನಮಗೆ ಅನಿಸಬಹುದು. ಮುಗಿಯಲಿಲ್ಲ. ಅಡ್ಡ ಬಂದದ್ದು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ವಾಣಿಜ್ಯ.

ಅಮೆರಿಕದ ಆಸ್ಟಿನ್ ನಗರದ ಸೌತ್ ಬೈ ಸೌತ್‌ವೆಸ್ಟ್ ಉತ್ಸವವನ್ನೇ ನೋಡೋಣ. 2020ರ ಮಾರ್ಚ್ 6ರಂದು ಅದು ರದ್ದಾದಾಗ ಆರಂಭಕ್ಕೆ ಒಂದೇ ವಾರ ಉಳಿದಿತ್ತು. ಸಂಸ್ಥೆ ವಿಮೆ ಮಾಡಿಸಿತ್ತು, ಆದರೆ ಸಾಂಕ್ರಾಮಿಕ ರೋಗದಿಂದ ಆಗುವ ರದ್ದತಿ ಆ ಪಾಲಿಸಿಯಲ್ಲಿ ಸೇರಿರಲಿಲ್ಲ. (ಪಾಲಿಸಿಯಲ್ಲಿ ಯಾವ ಅಪಾಯ ಸೇರಿದೆ ಎಂದು ಮೊದಲು ಓದಬೇಕು ಎನ್ನುವುದು ಇದಕ್ಕೇ.) ಕಾಯಂ ಸಿಬ್ಬಂದಿಯಲ್ಲಿ ಸುಮಾರು ಮೂರನೇ ಒಂದು ಭಾಗದವರು ಕೆಲಸ ಕಳೆದುಕೊಂಡರು. ಆಗ ಅಮೆಜಾನ್ ಪ್ರೈಮ್ ವಿಡಿಯೋ ಒಂದು ಪ್ರಸ್ತಾಪ ಮುಂದಿಟ್ಟಿತು. ಆಯ್ಕೆಯಾದ ಚಿತ್ರಗಳನ್ನು ಅಮೆರಿಕದ ಪ್ರೇಕ್ಷಕರಿಗೆ ಹತ್ತು ದಿನ ಉಚಿತವಾಗಿ ತೋರಿಸುವುದು, ಚಿತ್ರ ಮಾಡಿದವರಿಗೆ ಶುಲ್ಕ ಕೊಡುವುದು. ಉತ್ಸವಕ್ಕೆ ಆಯ್ಕೆಯಾಗಿದ್ದ ಚಿತ್ರಗಳು ನೂರಕ್ಕೂ ಹೆಚ್ಚು. ಒಪ್ಪಿ ಬಂದದ್ದು ಕಿರುಚಿತ್ರಗಳೂ ಸೇರಿ 39 ಮಾತ್ರ.

ದುಡ್ಡು ಕೊಡುತ್ತೇವೆಂದರೂ ಏಕೆ ಬರಲಿಲ್ಲ? ಇಲ್ಲಿಯೇ ವಿಷಯದ ಗಂಟು ಇರುವುದು. ಚಿತ್ರೋತ್ಸವ ನೋಡುಗರಿಗೆ ಹಬ್ಬ, ನಿರ್ಮಾಪಕರಿಗೆ ಸಗಟು ಮಾರುಕಟ್ಟೆ. ಎಪಿಎಂಸಿ ಯಾರ್ಡಿನಲ್ಲಿ ಮಾಲು ನೋಡಿ ವರ್ತಕರು ಬೆಲೆ ಕೂಗುವ ಹಾಗೆ, ಉತ್ಸವದಲ್ಲಿ ವಿತರಕರು ಚಿತ್ರ ನೋಡಿ ಬೆಲೆ ಹೇಳುತ್ತಾರೆ. ಮಾರಾಟವಾಗುವುದು ಚಿತ್ರವಲ್ಲ, ಅದನ್ನು ತೋರಿಸುವ ಹಕ್ಕು. ಅದೂ ದೇಶವಾರು: ಫ್ರಾನ್ಸಿನ ಹಕ್ಕು ಒಬ್ಬರಿಗೆ, ಜಪಾನಿನ ಹಕ್ಕು ಇನ್ನೊಬ್ಬರಿಗೆ, ಟಿವಿಯ ಹಕ್ಕು ಮತ್ತೊಬ್ಬರಿಗೆ. ಒಂದೇ ಚಿತ್ರಕ್ಕೆ ಹತ್ತಾರು ಕರಾರು. (ಹಕ್ಕು, ಕರಾರು ಎಂಬ ಪದಗಳು ಬಂದಾಗ ನನಗೆ ಅರ್ಥ ಕೇಳುವ ಕೆಲಸವಿಲ್ಲ. ಮನೆಯಲ್ಲಿ ನಾವು ಆಡುವ ಉರ್ದುವಿನಲ್ಲೂ ಅವು ಹಕ್, ಕರಾರ್. ಲೆಕ್ಕದ ಪುಸ್ತಕದ ಜಮಾ, ಬಾಕಿಯೂ ಹಾಗೆಯೇ.) ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ಒಮ್ಮೆ ನೋಡಿಬಿಟ್ಟರೆ ಉಳಿದ ದೇಶಗಳ ವಿತರಕ ಏನನ್ನು ಕೊಳ್ಳಬೇಕು? ಮೊದಲ ಪ್ರದರ್ಶನ ಎಂಬುದಂತೂ ಒಂದು ಚಿತ್ರದ ಬಾಳಿನಲ್ಲಿ ಒಂದೇ ಸಲ. ಹತ್ತು ದಿನದ ಶುಲ್ಕಕ್ಕೆ ಅದನ್ನು ಬಿಟ್ಟುಕೊಡಲು ಹೆಚ್ಚಿನವರು ಸಿದ್ಧರಿರಲಿಲ್ಲ.

ಇದಕ್ಕೆ ತದ್ವಿರುದ್ಧ ಪ್ರಯೋಗವೂ ಅದೇ ವರ್ಷ ನಡೆಯಿತು. ಕಾನ್, ವೆನಿಸ್, ಬರ್ಲಿನ್, ನಮ್ಮ ಮುಂಬೈ ಸೇರಿ 21 ಚಿತ್ರೋತ್ಸವಗಳು ಒಟ್ಟಾಗಿ ‘ವಿ ಆರ್ ಒನ್’ ಹೆಸರಿನಲ್ಲಿ ಮೇ 29ರಿಂದ ಜೂನ್ 7ರವರೆಗೆ ಯೂಟ್ಯೂಬ್‌ನಲ್ಲಿ ಪುಕ್ಕಟೆಯಾಗಿ ಚಿತ್ರಗಳನ್ನು ತೋರಿಸಿದವು, ಕೊರೋನಾ ಪರಿಹಾರಕ್ಕೆ ದೇಣಿಗೆ ಕೇಳಿದವು. ಒಳ್ಳೆಯ ಕೆಲಸ. ಆದರೆ ಮೊದಲ ಬಾರಿಗೆ ತೆರೆ ಕಂಡ ಚಿತ್ರಗಳು ಅಲ್ಲಿ ಕೆಲವೇ. ಮುಂಬೈ ಉತ್ಸವದಿಂದ ಹೋದ ‘ಈಬ್ ಅಲ್ಲೆ ಊ!’ 2019ರಲ್ಲೇ ಅಲ್ಲಿ ಪ್ರದರ್ಶನಗೊಂಡು ಬಹುಮಾನ ಪಡೆದಿತ್ತು. ಬೀಗವಿಲ್ಲದ ಅಂಗಡಿಯಲ್ಲಿ ಯಾರೂ ಹೊಸ ಮಾಲನ್ನು ಇಡುವುದಿಲ್ಲ.

ಹಾಗಾಗಿ ಆನ್‌ಲೈನ್ ಉತ್ಸವ ನಡೆಸಿದವರು ಗೋಡೆಯಿಲ್ಲದ ಜಾಗದಲ್ಲಿ ಗೋಡೆ ಕಟ್ಟಬೇಕಾಯಿತು. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ನಡೆಯುವ ಸಾಕ್ಷ್ಯಚಿತ್ರಗಳ ಉತ್ಸವ ಸಿಪಿಎಚ್ ಡಾಕ್ಸ್, 2020ರ ಮಾರ್ಚ್‌ನಲ್ಲಿ ಕೆಲವೇ ದಿನಗಳಲ್ಲಿ ಆನ್‌ಲೈನ್‌ಗೆ ಬದಲಾಯಿತು. ಆದರೆ ಚಿತ್ರಗಳನ್ನು ನೋಡಬಹುದಾಗಿದ್ದು ಡೆನ್ಮಾರ್ಕಿನೊಳಗೆ ಮಾತ್ರ. ನಾವು ಯಾವ ದೇಶದಿಂದ ನೋಡುತ್ತಿದ್ದೇವೆ ಎಂಬುದು ನಮ್ಮ ಇಂಟರ್‌ನೆಟ್ ವಿಳಾಸದಿಂದ ತಿಳಿಯುತ್ತದೆ. ಹೊರದೇಶದ್ದಾದರೆ ಬಾಗಿಲು ತೆರೆಯದು. ಎರಡನೆಯ ಗೋಡೆ ಟಿಕೆಟ್ ಸಂಖ್ಯೆಯ ಮಿತಿ, ಸಭಾಂಗಣದ ಕುರ್ಚಿಗಳಂತೆ. ಮೂರನೆಯದು ಸಮಯ. ಇವುಗಳ ಜೊತೆಗೆ, ಕದ್ದು ನಕಲು ಮಾಡುವುದನ್ನು ತಡೆಯಲು ಗೂಢಲಿಪಿಯ ಬೀಗ, ವಾಟರ್‌ಮಾರ್ಕ್. ಕಂಪ್ಯೂಟರ್ ಸೈನ್ಸ್ ಗೆಳೆಯರು ಇದನ್ನು ನನಗಿಂತ ಚೆನ್ನಾಗಿ ವಿವರಿಸಬಲ್ಲರು.

ಈ ಗೋಡೆಗಳನ್ನು ಅತ್ಯಂತ ಜಾಣತನದಿಂದ ಕಟ್ಟಿದ್ದು ಅಮೆರಿಕದ ಸನ್‌ಡಾನ್ಸ್ ಉತ್ಸವ ಎಂದು ನನಗನಿಸುತ್ತದೆ. ಯೂಟಾ ರಾಜ್ಯದ ಗುಡ್ಡಗಾಡಿನ ಊರಿನಲ್ಲಿ ನಡೆಯುತ್ತಿದ್ದ ಅದು 2021ರ ಜನವರಿ 28ರಿಂದ ಫೆಬ್ರವರಿ 3ರವರೆಗೆ ತನ್ನದೇ ವೇದಿಕೆ ಕಟ್ಟಿಕೊಂಡು ಎಪ್ಪತ್ತಕ್ಕೂ ಹೆಚ್ಚು ಪೂರ್ಣಾವಧಿ ಚಿತ್ರಗಳನ್ನು ತೋರಿಸಿತು. ಪ್ರತಿ ಚಿತ್ರದ ಮೊದಲ ಪ್ರದರ್ಶನಕ್ಕೂ ನಿಗದಿತ ಗಂಟೆ. ಅದು ಮುಗಿದ ಮೇಲೆ ನಿರ್ದೇಶಕರ ಜೊತೆ ನೇರ ಮಾತುಕತೆ. ಇದರಿಂದ ‘ಮೊದಲ ಪ್ರದರ್ಶನ’ಕ್ಕೆ ಅರ್ಥ ಉಳಿಯಿತು, ಬೆಲೆಯೂ ಉಳಿಯಿತು. ಮೊದಲ ದಿನ ತೋರಿಸಿದ ‘ಕೋಡಾ’ ಚಿತ್ರವನ್ನು ಆಪಲ್ ಸಂಸ್ಥೆ ಕೊಂಡದ್ದು ಸುಮಾರು 2.5 ಕೋಟಿ ಡಾಲರ್‌ಗೆ ಎಂದು ವರದಿಯಾಯಿತು; ಆ ಉತ್ಸವದಲ್ಲಿ ಅದೇ ದಾಖಲೆ. ನೇರ ಉತ್ಸವಕ್ಕೆ ಬರುತ್ತಿದ್ದವರ 2.7 ಪಟ್ಟು ಜನ ಈ ಸಲ ನೋಡಿದರೆಂದು ಸಂಸ್ಥೆ ಹೇಳಿತು.

ಆದರೆ ಗೋಡೆಗೆ ಹೊರಗಿನವರೂ ಇರುತ್ತಾರೆ. ಆ ವರ್ಷ ಅಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆದವುಗಳಲ್ಲಿ ರಿಂಟು ಥಾಮಸ್ ಮತ್ತು ಸುಶ್ಮಿತ್ ಘೋಷ್ ಅವರ ‘ರೈಟಿಂಗ್ ವಿತ್ ಫೈರ್’ ಸಾಕ್ಷ್ಯಚಿತ್ರವೂ ಒಂದು. ಅದು ಉತ್ತರ ಪ್ರದೇಶದ ‘ಖಬರ್ ಲಹರಿಯಾ’ ಸುದ್ದಿ ಸಂಸ್ಥೆಯ ದಲಿತ ಪತ್ರಕರ್ತೆಯರ ಕಥೆ. ಟಿಕೆಟ್ ಕೊಂಡು ನೋಡುವ ಅವಕಾಶ ಅಮೆರಿಕದಲ್ಲಿದ್ದವರಿಗೆ ಮಾತ್ರ ಇದ್ದುದರಿಂದ ಆ ಚಿತ್ರಕ್ಕೆ ಓಟು ಹಾಕಿದ ಪ್ರೇಕ್ಷಕರು ಅಲ್ಲಿಯವರು. ಚಿತ್ರದಲ್ಲಿದ್ದ ಊರುಗಳ ಜನರಿಗೆ ಆ ಬಾಗಿಲು ತೆರೆದಿರಲಿಲ್ಲ. ವ್ಯಾಪಾರದ ದೃಷ್ಟಿಯಿಂದ ಇದು ಸರಿಯೇ. ಆದರೂ ಮನಸ್ಸಿಗೆ ಒಪ್ಪುವುದಿಲ್ಲ.

ಬೆಂಗಳೂರು ಚಿತ್ರೋತ್ಸವ 2020ರ ಮಾರ್ಚ್ 4ಕ್ಕೆ, ಲಾಕ್‌ಡೌನ್‌ಗೆ ಸ್ವಲ್ಪ ಮೊದಲೇ ಮುಗಿದಿತ್ತು. ಮುಂದಿನದು ನಡೆದದ್ದು 2022ರ ಮಾರ್ಚ್‌ನಲ್ಲಿ. ಸನ್‌ಡಾನ್ಸ್‌ಗೆ ಇನ್ನೊಂದು ಪೆಟ್ಟು ಬಿತ್ತು: ಓಮಿಕ್ರಾನ್ ಕಾರಣ 2022ರ ನೇರ ಉತ್ಸವವನ್ನು ಕೇವಲ ಎರಡು ವಾರ ಮುಂಚೆ ಕೈಬಿಡಬೇಕಾಯಿತು. ಈ ಸಲ ಸಭಾಂಗಣದ ಬದಲು ಏನು ಎಂದು ಹುಡುಕಬೇಕಿರಲಿಲ್ಲ, ಹಿಂದಿನ ವರ್ಷದ ವೇದಿಕೆ ಸಿದ್ಧವಿತ್ತು. ಸಭಾಂಗಣದ ಬಾಡಿಗೆ ಆ ವರ್ಷಕ್ಕೇ ತೀರಿಹೋಗುವ ಕಂದಾಯ ವೆಚ್ಚ. ವೇದಿಕೆಗೆ ಹಾಕಿದ ಹಣ ಬಂಡವಾಳ ವೆಚ್ಚ, ಮುಂದಿನ ವರ್ಷಗಳಿಗೂ ದುಡಿಯುತ್ತದೆ. 2023ರಲ್ಲಿ ಯೂಟಾದ ಚಿತ್ರಮಂದಿರಗಳು ಮತ್ತೆ ತೆರೆದ ಮೇಲೂ ಉತ್ಸವದ ಒಂದು ಭಾಗ ಆನ್‌ಲೈನ್‌ನಲ್ಲೇ ಉಳಿಯಿತು.