ಎರೆನೆಲದಲ್ಲಿ ಡಾಂಬರಿನ ದಾರಿ ಮತ್ತು ಅಂಗಳ

ಬೆಳೆ ಬೆಳೆಯುವುದು ಎಷ್ಟು ಮುಖ್ಯವೋ, ಅದನ್ನು ಸಕಾಲದಲ್ಲಿ ಹೊಲದಿಂದ ಪೇಟೆಗೆ ಸಾಗಿಸುವುದೂ ಅಷ್ಟೇ ಮುಖ್ಯ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಭಾಗದಲ್ಲಿ ಉಳ್ಳಾಗಡ್ಡಿ ಕೀಳುವ ಹೊತ್ತಿಗೇ ಉತ್ತರಿ, ಹಸ್ತ ಮಳೆಗಳು ಬರುತ್ತವೆ. ಆಗ ಟ್ರೇಲರ್ ತೋಟದ ಮನೆಯ ಅಂಗಳದಲ್ಲೇ ಹೂತು ನಿಂತರೆ ಮಾಲು ಕೊಳೆಯುತ್ತದೆ. ಇದನ್ನು ತಪ್ಪಿಸಲು ಅನೇಕ ರೈತರು ದಾರಿಗೂ ವಾಹನ ನಿಲ್ಲುವ ಅಂಗಳಕ್ಕೂ ಡಾಂಬರು ಹಾಕಿಸುತ್ತಾರೆ. ಆದರೆ ಎರೆಮಣ್ಣಿನ ಮೇಲೆ ನೇರವಾಗಿ ಹಾಸಿದ ಡಾಂಬರು ಒಂದೆರಡು ಮಳೆಗಾಲಗಳಲ್ಲೇ ಒಡೆದು, ಹಾಕಿದ ಹಣ ಹಾಳಾಗುತ್ತದೆ.

ನೆಲದ ಸ್ವಭಾವ

ಎರೆಮಣ್ಣಿನಲ್ಲಿರುವ ಜೇಡಿಯು ನೀರು ಹೀರಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ತೋರುವ ಈ ನೆಲ ಮಳೆಗಾಲದಲ್ಲಿ ಭಾರ ತಾಳುವುದಿಲ್ಲ. ಡಾಂಬರು ಮೇಲಿನ ಹೊದಿಕೆ ಮಾತ್ರ; ಭಾರ ಹೊರುವುದು ಅದರ ಕೆಳಗಿನ ಪದರಗಳು. ಆದುದರಿಂದ ಖರ್ಚಿನ ಹೆಚ್ಚು ಪಾಲು ತಳಪಾಯಕ್ಕೆ ಸಲ್ಲಬೇಕು.

ಶಿರಹಟ್ಟಿ, ಮುಂಡರಗಿ ಕಡೆಯ ಮಸಾರಿ ಭೂಮಿಯಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ದಿನಕ್ಕೆ ಒಂದೆರಡು ವಾಹನಗಳಷ್ಟೇ ಓಡಾಡುವುದಾದರೆ, ಗರಸು ಹಾಕಿ ಚೆನ್ನಾಗಿ ದಮ್ಮಸ್ಸು ಮಾಡಿದ, ನೀರು ನಿಲ್ಲದ ದಾರಿಯೇ ಸಾಕು. ಭಾರದ ಲಾರಿ, ಟ್ರ್ಯಾಕ್ಟರ್‌ಗಳು ನಿತ್ಯ ತಿರುಗುವ ಕಡೆ ಮಾತ್ರ ಡಾಂಬರಿನ ವಿಚಾರ ಮಾಡುವುದು ಲೇಸು.

ತಳಪಾಯ

ಕೆಲಸವನ್ನು ಫೆಬ್ರುವರಿಯಿಂದ ಮೇ ತಿಂಗಳೊಳಗೆ ಮುಗಿಸಬೇಕು.

1. ಮೇಲಿನ 15 ಸೆಂ.ಮೀ. ಮಣ್ಣು, ಕಸ ಮತ್ತು ಬೇರುಗಳನ್ನು ತೆಗೆದು ತಳವನ್ನು ಇಳಿಜಾರಿಗೆ ಸರಿಯಾಗಿ ಸಮಮಾಡಿ ರೋಲರ್ ಹಾಯಿಸಬೇಕು. ನೆಲ ಬಹಳ ಮೆತುವಾಗಿದ್ದಲ್ಲಿ ಮೇಲಿನ 15 ಸೆಂ.ಮೀ. ಮಣ್ಣಿಗೆ ಅದರ ತೂಕದ ಶೇಕಡಾ 3ರಿಂದ 5ರಷ್ಟು ಸುಣ್ಣ ಬೆರೆಸಿ ದಮ್ಮಸ್ಸು ಮಾಡಿದರೆ ಉಬ್ಬುವ ಗುಣ ಇಳಿಯುತ್ತದೆ.

2. ಅದರ ಮೇಲೆ 22.5 ಸೆಂ.ಮೀ. ದಪ್ಪ ಗರಸನ್ನು ಎರಡು ಪದರಗಳಲ್ಲಿ ಹಾಕಿ, ನೀರು ಚಿಮುಕಿಸಿ, 8ರಿಂದ 10 ಟನ್ ರೋಲರಿನಿಂದ ಒತ್ತಬೇಕು. ಗರಸನ್ನು ಹಸಿಮಾಡಿ ಅಂಗೈಯಲ್ಲಿ ಹೊಸೆದಾಗ ಶ್ಯಾವಿಗೆಯಂತೆ ಎಳೆ ಬಂದರೆ ಅದರಲ್ಲಿ ಜೇಡಿ ಹೆಚ್ಚಿದೆ ಎಂದರ್ಥ, ಅಂಥದು ಬೇಡ. ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿ ಧಾಮವೆಂದು ಘೋಷಿತವಾಗಿದೆ. ಅಲ್ಲಿಂದ ಗರಸು ತರಬಾರದು. ಪರವಾನಿಗೆ ಇರುವ ಗಣಿಯಿಂದಲೇ ಕೊಳ್ಳಬೇಕು.

3. ಅನಂತರ ದಪ್ಪ ಖಡಿಯ ಎರಡು ಪದರಗಳು, ಪ್ರತಿಯೊಂದೂ ಒತ್ತಿದ ಮೇಲೆ 7.5 ಸೆಂ.ಮೀ. ಇರಬೇಕು. ಮೊದಲು ಒಣಖಡಿಯ ಮೇಲೆ ರೋಲರ್ ಹಾಯಿಸಿ, ಸಂದುಗಳಿಗೆ ಸಣ್ಣ ಖಡಿ ತುಂಬಿ, ನೀರು ಹಾಕಿ ಮತ್ತೆ ಒತ್ತಬೇಕು.

ಹೀಗೆ ಮಾಡಿದಾಗ ಮೇಲ್ಮೈಯು ಸುತ್ತಲಿನ ನೆಲಕ್ಕಿಂತ 20 ಸೆಂ.ಮೀ.ಗೂ ಹೆಚ್ಚು ಎತ್ತರದಲ್ಲಿರುತ್ತದೆ. ಇದು ಅವಶ್ಯ.

ನೀರಿನ ದಾರಿ

ಡಾಂಬರಿಗೆ ನಿಂತ ನೀರೇ ದೊಡ್ಡ ವೈರಿ. 10 ಅಡಿ ಅಗಲದ ದಾರಿಯ ನಡುಭಾಗ ಅಂಚಿಗಿಂತ ಸುಮಾರು 2 ಅಂಗುಲ ಎತ್ತರವಿರಲಿ. ಅಂಗಳಕ್ಕೆ 100 ಅಡಿಗೆ 2½ ಅಡಿಯಂತೆ ಒಂದೇ ಕಡೆಗೆ ಇಳಿಜಾರು ಕೊಡಬೇಕು. ಪಕ್ಕದಲ್ಲಿ ಗಟಾರ ತೆಗೆದು ನೀರನ್ನು ದೂರ ಸಾಗಿಸಬೇಕು. ಮುಂದೆ ನೀರಾವರಿ ಪೈಪು ಹಾಯಿಸುವ ಯೋಚನೆಯಿದ್ದರೆ ತಳಪಾಯ ಹಾಕುವಾಗಲೇ ಅಡ್ಡಲಾಗಿ ಒಂದು ದೊಡ್ಡ ಪೈಪು ಹೂಳಿಡಬೇಕು. ಡಾಂಬರನ್ನು ಆಮೇಲೆ ಅಗೆದ ಜಾಗವೇ ಮೊದಲು ಕುಸಿಯುತ್ತದೆ.

ಡಾಂಬರು ಹಾಸುವುದು

ಖಡಿಯ ತಲೆಗಳು ಕಾಣುವವರೆಗೆ ಧೂಳು ಗುಡಿಸಿ, ತೆಳು ಡಾಂಬರಿನ ಎಮಲ್ಷನ್‌ ಅನ್ನು 10 ಚದರ ಮೀಟರಿಗೆ 7ರಿಂದ 10 ಕಿ.ಗ್ರಾಂ.ನಂತೆ ಸಿಂಪಡಿಸಿ, ಒಂದು ದಿನ ಇಂಗಲು ಬಿಡಬೇಕು. ಮರುದಿನ ತೆಳುವಾದ ಅಂಟುಲೇಪ ಕೊಟ್ಟು, ಡಾಂಬರು ಬೆರೆಸಿದ ಸಣ್ಣ ಖಡಿಯನ್ನು 20 ಮಿ.ಮೀ. ದಪ್ಪ ಹಾಸಿ, ಬಿಸಿಯಿರುವಾಗಲೇ ರೋಲರ್ ಹಾಯಿಸಬೇಕು. ಕೊನೆಗೆ ಡಾಂಬರು ಬೆರೆಸಿದ ಉಸುಕಿನ ಮುಚ್ಚುಪದರ ಕೊಡಬೇಕು. ಇದನ್ನು ಬಿಟ್ಟರೆ ಮಳೆನೀರು ಒಳಗಿಳಿಯುತ್ತದೆ. 24 ತಾಸು ವಾಹನ ಬಿಡಬಾರದು.

ಡಾಂಬರನ್ನು 150ರಿಂದ 165 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಅದಕ್ಕಿಂತ ಹೆಚ್ಚು ಕಾಯ್ದರೆ ಅದರ ಅಂಟು ಕೆಡುತ್ತದೆ. ಕಾದ ಡಾಂಬರಿಗೆ ನೀರು ತಗಲಿದರೆ ನೊರೆಯೆದ್ದು ಹೊರಚೆಲ್ಲುತ್ತದೆ. ಮಕ್ಕಳನ್ನೂ ದನಗಳನ್ನೂ ದೂರವಿಡಿರಿ. ಮೈಮೇಲೆ ಬಿದ್ದರೆ ಕೀಳಲು ಹೋಗದೆ ತಣ್ಣೀರು ಹಾಕುತ್ತ ದವಾಖಾನೆಗೆ ಒಯ್ಯಿರಿ.

ಬೇಕಾಗುವ ಸಾಮಾನು

30 ಅಡಿ ಅಗಲ, 60 ಅಡಿ ಉದ್ದದ (167 ಚ.ಮೀ.) ಅಂಗಳಕ್ಕೆ ಅಂದಾಜು ಹೀಗಿದೆ:

ಗರಸು – 17 ಬ್ರಾಸ್
ದಪ್ಪ ಖಡಿ – ಪದರಕ್ಕೆ 6ರಂತೆ 12 ಬ್ರಾಸ್
ಹಾಸಿನ ಸಣ್ಣ ಖಡಿ – 1.6 ಬ್ರಾಸ್
ಹಾಸಿಗೆ ಡಾಂಬರು – 244 ಕಿ.ಗ್ರಾಂ.
ಮುಚ್ಚುಪದರಕ್ಕೆ ಡಾಂಬರು – 114 ಕಿ.ಗ್ರಾಂ.

ಗುತ್ತಿಗೆ ಕೊಡುವಾಗ ಪ್ರತಿ ಪದರದ ದಪ್ಪವನ್ನು ಕಾಗದದಲ್ಲಿ ಬರೆಸಿಕೊಳ್ಳಿರಿ. ಮುಂದಿನ ಪದರ ಹಾಕುವ ಮೊದಲು ಎರಡು-ಮೂರು ಕಡೆ ಅಗೆದು ಅಳೆಯಿರಿ. ಮೇಲೆ ಡಾಂಬರು ಬಿದ್ದ ಮೇಲೆ ಕೆಳಗಿನ ಕೊರತೆ ಕಣ್ಣಿಗೆ ಕಾಣದು.

ಸಂರಕ್ಷಣೆ

* ಪ್ರತಿ ವರ್ಷ ಮೇ ತಿಂಗಳಲ್ಲಿ ಬಿರುಕುಗಳನ್ನು ಗುಡಿಸಿ ಡಾಂಬರು ತುಂಬಬೇಕು. ಗಟಾರದ ಹೂಳು ತೆಗೆಯಬೇಕು.
* ತಗ್ಗು ಬಿದ್ದಲ್ಲಿ ಮಣ್ಣು ತುಂಬಬಾರದು. ಗಟ್ಟಿ ಭಾಗ ಸಿಗುವವರೆಗೆ ಚೌಕಾಕಾರವಾಗಿ ಕಡಿದು, ಒಣಗಿಸಿ, ಬದಿಗಳಿಗೆ ಡಾಂಬರು ಹಚ್ಚಿ, ಡಾಂಬರು ಬೆರೆಸಿದ ಖಡಿಯನ್ನು ಪದರ ಪದರವಾಗಿ ತುಂಬಿ ಒತ್ತಬೇಕು.
* ಅಂಚುಗಳಿಗೆ ಗರಸಿನ ಆಸರೆ ಇರಬೇಕು. ಇಲ್ಲವಾದರೆ ಗಾಲಿಯ ಭಾರಕ್ಕೆ ಅಂಚು ಮುರಿಯುತ್ತದೆ.
* ಡೀಸೆಲ್, ಸೀಮೆಎಣ್ಣೆ ಡಾಂಬರನ್ನು ಕರಗಿಸುತ್ತವೆ. ಟ್ರ್ಯಾಕ್ಟರ್ ರಿಪೇರಿ, ಡೀಸೆಲ್ ತುಂಬುವ ಕೆಲಸ ಬೇರೆ ಕಡೆ ಮಾಡಿರಿ.
* ಕಬ್ಬಿಣದ ಕೇಜ್ ವ್ಹೀಲ್ ಹಾಕಿದ ಟ್ರ್ಯಾಕ್ಟರನ್ನು ಇದರ ಮೇಲೆ ಓಡಿಸಬೇಡಿರಿ.

ಡಾಂಬರು ನೆಲ ಕಣವಲ್ಲ

ಗಟ್ಟಿ ನೆಲ ಸಿಕ್ಕಿತೆಂದು ಇದರ ಮೇಲೆ ಮೆಣಸಿನಕಾಯಿ, ಕಡಲೆ, ಗೋವಿನಜೋಳ ಒಣಗಿಸುವುದು ಸರಿಯಲ್ಲ. ಬಿಸಿಲಿಗೆ ಕಾದ ಡಾಂಬರಿನ ವಾಸನೆ, ಎಣ್ಣೆಯ ಜಿಡ್ಡು, ಹರಳು ಮಾಲಿಗೆ ಅಂಟುತ್ತವೆ. ಬಣ್ಣಕ್ಕೇ ಬೆಲೆಯಿರುವ ಬ್ಯಾಡಗಿ ಮೆಣಸಿನಕಾಯಿಗೆ ಇದರಿಂದ ನೇರ ನಷ್ಟ. ಒಣಗಿಸಲು ಸಿಮೆಂಟ್ ಕಣ ಅಥವಾ ಸ್ವಚ್ಛ ತಾಡಪತ್ರಿಯೇ ಯೋಗ್ಯ. ಸಾರ್ವಜನಿಕ ಡಾಂಬರು ರಸ್ತೆಯಲ್ಲಿ ತೆನೆ ಹರವಿ ರಾಶಿ ಮಾಡುವುದಂತೂ ಬೇಡವೇ ಬೇಡ. ರಾತ್ರಿ ಬರುವ ಮೋಟಾರ್ ಸೈಕಲ್ ಸವಾರನು ಅದರ ಮೇಲೆ ಜಾರಿ ಬಿದ್ದರೆ ಹೋಗುವುದು ಪ್ರಾಣ.

ಕೈಯಲ್ಲಿರುವ ಹಣ ಪೂರ್ತಿ ಕೆಲಸಕ್ಕೆ ಸಾಲದಿದ್ದರೆ ತಳಪಾಯವನ್ನು ತೆಳುಮಾಡಬೇಡಿರಿ. ಈ ವರ್ಷ ಗರಸು, ಖಡಿ, ಗಟಾರ ಮುಗಿಸಿ ಒಂದು ಮಳೆಗಾಲ ವಾಹನ ಓಡಾಡಲಿ. ಎಲ್ಲಿ ಕುಸಿಯುತ್ತದೆಂದು ನೋಡಿ, ಅಲ್ಲಿ ಸರಿಪಡಿಸಿ, ಮುಂದಿನ ಬೇಸಿಗೆಯಲ್ಲಿ ಡಾಂಬರು ಹಾಕಿಸಿರಿ. ಹಾಗೆ ಮಾಡಿದ ದಾರಿ ಹೆಚ್ಚು ವರ್ಷ ಬಾಳುತ್ತದೆ.