ಕೋಸಿನ ನೀರು ಚೆಲ್ಲಬೇಡ

ಪುಟ್ಟಿ, ಹಂಗೇರಿಯವರ ಹಂದಿಮಾಂಸ, ಹುಳಿಕೋಸಿನ ಸಾರು ಮಾಡ್ತೀನಿ ಅಂತ ಹೊರಟಿದೀಯಂತೆ. ಮಾಡು. ನಮ್ಮ ಭದ್ರಾವತಿ ನ್ಯೂ ಟೌನಿನ ಕ್ವಾರ್ಟರ್ಸ್ ಅಡುಗೆಮನೆಯಲ್ಲಿ ಆಗದಂಥದ್ದೇನೂ ಅದರಲ್ಲಿಲ್ಲ. ಆ ವಿನೆಗರ್ ಬಾಟಲಿ ಮಾತ್ರ ಎತ್ತಿಡು. ಮೇಲಿಂದ ಸುರಿದ ಹುಳಿ ಬೇರೆ, ಕೋಸು ತಾನಾಗಿ ಹುಳಿ ಬರೋದು ಬೇರೆ.

ನನ್ನ ಹೆದರಿಕೆ ಇನ್ನೊಂದು. ನಿನ್ನ ಕೈಗೆ ಕಳಲೆಯ ಅಭ್ಯಾಸ. ಮಳೆಗಾಲದಲ್ಲಿ ಕಳಲೆ ಹೆಚ್ಚಿ, ಎರಡು ಮೂರು ದಿನ ನೀರಲ್ಲಿಟ್ಟು, ದಿನಾ ನೀರು ಬದಲಿಸಿ, ಆಮೇಲೆ ತಾನೇ ಮಾಂಸದ ಜೊತೆ ಹಾಕೋದು? ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸೋ ಅಂಶ ಇರುತ್ತೆ, ಅದು ಇಳಿದುಹೋಗಲಿ ಅಂತ ಆ ನೀರು ಚೆಲ್ತೀವಿ, ಬೇಯಿಸಿದ ನೀರನ್ನೂ ಬಸೀತೀವಿ. (ನಮ್ಮೂರ ಮೈಸೂರು ಪೇಪರ್ ಮಿಲ್ಸ್ ಕಾಗದ ಮಾಡ್ತಿದ್ದ ಕಾಲದಲ್ಲಿ, ಬೆಳೆದ ಬಿದಿರು ಕಾರ್ಖಾನೆಗೆ, ಎಳೇದು ನಮ್ಮ ಸಾರಿಗೆ!) ಕೋಸಿನ ಲೆಕ್ಕ ಕಳಲೆಗೆ ಪೂರಾ ಉಲ್ಟಾ. ಅದು ಬಿಟ್ಟ ನೀರೇ ಅದಕ್ಕೆ ಕಾವಲು. ಚೆಲ್ಲಿದೆಯೋ, ಕೋಸು ಕೊಳೀತು.

ಒಂದು ಕೆ.ಜಿ. ಕೋಸಿಗೆ 20 ಗ್ರಾಂ ಉಪ್ಪು, ಕಣ್ಣಳತೆ ಬೇಡ, ತೂಕ ಮಾಡು. ಸಣ್ಣಗೆ ಹೆಚ್ಚಿ, ನೀರು ಬಿಡೋವರೆಗೂ ಕಿವುಚಿ, ಭರಣಿಗೆ ಒತ್ತಿ ತುಂಬಿ, ಮೇಲೊಂದು ತೊಳೆದು ಕುದಿಸಿದ ಕಲ್ಲು ಹೇರು. ಒಂದೆಳೆಯೂ ನೀರಿಂದ ಮೇಲೆ ಬರಬಾರದು, ಗಾಳಿ ಸೋಕಿದ ಕಡೆ ಬೂಷ್ಟು ಹಿಡಿಯುತ್ತೆ. ಮುಚ್ಚಳ ಬಿಗಿಮಾಡಬೇಡ, ಒಳಗೆ ಗ್ಯಾಸ್ ಏಳುತ್ತೆ. ಮೊಸರು ಮಾಡೋ ಜಾತಿಯ ಬ್ಯಾಕ್ಟೀರಿಯಾನೇ ಇಲ್ಲೂ ಕೆಲಸ ಮಾಡೋದು. ನೀನು ಕಾಯಬೇಕು, ಅಷ್ಟೇ. ಅಲ್ಲಿಯವರು ತಂಪು ನೆಲಮಾಳಿಗೆಯಲ್ಲಿ ವಾರಗಟ್ಟಲೆ ಇಡ್ತಾರೆ. ನಮ್ಮ ಭದ್ರಾವತಿಯ ಏಪ್ರಿಲ್ ಸೆಕೆಗೆ ಮೆತ್ತಗಾಗಿ ಹೋಗುತ್ತೆ. ಡಿಸೆಂಬರ್, ಜನವರಿಯಲ್ಲಿ ಹಾಕು. ಐದನೇ ದಿನದಿಂದ ರುಚಿ ನೋಡ್ತಿರು, ಹುಳಿ ನಾಲಿಗೆಗೆ ಹಿಡಿಸಿತೋ, ಫ್ರಿಜ್ಜಿಗೆ ತಳ್ಳು.

ಮಾಂಸ ಬೇಯಿಸೋದು ನಿನಗೆ ಹೇಳಿಕೊಡಬೇಕಾಗಿಲ್ಲ. ಎರಡು ಮಾತು ಮಾತ್ರ. ನೆಣದಲ್ಲಿ ಈರುಳ್ಳಿ ಬಾಡಿಸಿದ ಮೇಲೆ ಪಾತ್ರೆ ಇಳಿಸಿ ಬ್ಯಾಡಗಿ ಪುಡಿ ಹಾಕು, ಉರಿಯಲ್ಲಿ ಹಾಕಿದರೆ ಸೀದು ಕಹಿಯಾಗುತ್ತೆ. ಅವರ ಪಾಪ್ರಿಕಾದ ಬಣ್ಣಕ್ಕೆ ನಮ್ಮಲ್ಲಿ ಹತ್ತಿರದ್ದು ಅದೇ, ಖಾರ ತುಸು ಜಾಸ್ತಿ. ಗರಂ ಮಸಾಲೆ ಕೈಗೆ ಬಂದರೂ ಹಾಕಬೇಡ. ಮತ್ತೆ, ಮಾಂಸಕ್ಕೆ ಉಪ್ಪು ಕಮ್ಮಿಯಿರಲಿ, ಕೋಸಿನಲ್ಲೇ ಬೇಕಾದಷ್ಟಿದೆ. ಮಾಂಸ ಮುಕ್ಕಾಲು ಬೆಂದ ಮೇಲೆ ಕೋಸು ಸೇರಿಸು. ಈ ಸಾರಿನ ಹುಟ್ಟಿಗೇ ಅವರಲ್ಲಿ ಒಂದು ಕಥೆಯಿದೆ: 1846ರಲ್ಲಿ ಪೆಸ್ಟ್ ಊರಿನ ಹೋಟೆಲಿಗೆ ಸೇಕೆಯ್ ಅನ್ನೋರೊಬ್ಬರು ತಡವಾಗಿ ಹೋಗಿ, ಉಳಿದಿದ್ದ ಮಾಂಸ, ಹುಳಿಕೋಸು ಎರಡನ್ನೂ ಒಂದೇ ತಟ್ಟೆಗೆ ಹಾಕಿಸಿಕೊಂಡರಂತೆ, ಕವಿ ಪೆಟೊಫಿ ಅದನ್ನು ಕಂಡು ಅವರ ಹೆಸರನ್ನೇ ಅದಕ್ಕಿಟ್ಟರಂತೆ. ನಿಜವೋ ಸುಳ್ಳೋ, ಬೇರೆಬೇರೆ ಆದದ್ದು ಕೊನೆಗೆ ಕೂಡೋದೇ ಇದರ ಹದ.

ಒಲೆ ಆರಿಸಿದ ಮೇಲೆ ಗಟ್ಟಿ ಕೆನೆಮೊಸರು ಕಲಸಿ ಹಾಕು, ಕುದಿಯೋವಾಗ ಹಾಕಿದರೆ ಒಡೆಯುತ್ತೆ. ಅವರು ಬ್ರೆಡ್ ಜೊತೆ ತಿಂತಾರೆ, ನೀನು ಕಡುಬು ಮಾಡ್ಕೋ. ಕಡುಬಿನ ಅಕ್ಕಿತರಿ ನಮ್ಮನೇಲಿದೆ, ಹಿಂದಿನ ದಿನ ಒಂದು ಮಾತು ಹೇಳು, ನಾನೇ ಹೊತ್ಕೊಂಡು ಬರ್ತೀನಿ.